ಬರೆದ ಮಾತಿಗೆ ವಿಮೆ ಉಂಟೇ?

ಮಾನ್ಯರೇ,

ಹೋಂಸ್ಟೇಯೊಂದರ ಬಗ್ಗೆ ಫೇಸ್‌ಬುಕ್‌ನಲ್ಲಿ ನಾಲ್ಕು ಸಾಲು ಬರೆದದ್ದಕ್ಕೆ ವಕೀಲರ ನೋಟಿಸ್ ಬಂದ ಮೇಲೆಯೇ ನನ್ನ ಸೈಬರ್ ವಿಮಾ ಪಾಲಿಸಿಯನ್ನು ನಾನು ಪೂರ್ತಿ ಓದಿದೆ (ಓದಿಯೇ ಸಹಿ ಮಾಡಬೇಕಿತ್ತು, ನಿಜ). ಖಾತೆಯಿಂದ ಹಣ ಕಳುವಾದರೆ ಪರಿಹಾರವಿದೆ, ನಾನೇ ಬರೆದ ಮಾತಿಗಿಲ್ಲ. ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನಂತೆ ಮಾನಹಾನಿಗೆ 2 ವರ್ಷಗಳವರೆಗಿನ ಸಾದಾ ಸೆರೆವಾಸ, ದಂಡ ಅಥವಾ ಸಮುದಾಯ ಸೇವೆಯ ಶಿಕ್ಷೆಯುಂಟು; ಅದಲ್ಲದೆ ಬಾಧಿತರು ಒಂದು ವರ್ಷದೊಳಗೆ ಸಿವಿಲ್ ದಾವೆಯನ್ನೂ ಹೂಡಬಹುದು. ಅಪರಾಧದ ದಂಡವನ್ನಾಗಲಿ, ಬೇಕೆಂದೇ ಹಬ್ಬಿಸಿದ ಸುಳ್ಳಿನ ಹೊರೆಯನ್ನಾಗಲಿ ವಿಮಾ ಕಂಪನಿ ಹೊರಬೇಕೆಂದು ನಾನು ಕೇಳುತ್ತಿಲ್ಲ. ಆದರೆ ಸದುದ್ದೇಶದಿಂದ ಬರೆದವರಿಗೂ, ಗೆಲ್ಲುವ ಮೊಕದ್ದಮೆಯಲ್ಲೂ, ವಕೀಲರ ಶುಲ್ಕದ ಭಾರ ತಪ್ಪುವುದಿಲ್ಲ. ಆ ವೆಚ್ಚ ಪಾಲಿಸಿಯಲ್ಲಿ ಸೇರಿದೆಯೇ ಇಲ್ಲವೇ ಎಂಬುದನ್ನು ಮೊದಲ ಪುಟದಲ್ಲೇ ಸರಳ ಕನ್ನಡದಲ್ಲಿ ಮುದ್ರಿಸುವಂತೆ ವಿಮಾ ನಿಯಂತ್ರಣ ಪ್ರಾಧಿಕಾರವು ಕಂಪನಿಗಳಿಗೆ ಸೂಚಿಸಲಿ.

– ಓದುಗ, ಚಿಕ್ಕಮಗಳೂರು