ಹಿರಿಯರ ಆಯುಷ್ಯ: ಭಕ್ತಿಯಷ್ಟೇ ಒಡನಾಟವೂ ಮುಖ್ಯ

ಮಾನ್ಯರೇ,

ದೈವಭಕ್ತರು ಹೆಚ್ಚು ಕಾಲ ಬದುಕುತ್ತಾರೆ ಎನ್ನುವ ವರದಿಗಳು ಮುಖ್ಯವಾದ ಒಂದು ವ್ಯತ್ಯಾಸವನ್ನು ಬಿಟ್ಟುಬಿಡುತ್ತಿವೆ. ಅಧ್ಯಯನಗಳಲ್ಲಿ ದೀರ್ಘಾಯುಷ್ಯದೊಂದಿಗೆ ಹೆಚ್ಚು ಸ್ಪಷ್ಟವಾದ ನಂಟು ಕಂಡಿರುವುದು ಸಾಮೂಹಿಕ ಪ್ರಾರ್ಥನೆಗೆ ಹೋಗುವ ರೂಢಿಗೆ; ಏಕಾಂತದ ಭಕ್ತಿಗೆ ಅಷ್ಟಾಗಿ ಅಲ್ಲ. ಅಮೆರಿಕದ 74,534 ದಾದಿಯರನ್ನು 1996ರಿಂದ 2012ರವರೆಗೆ ಗಮನಿಸಿದಾಗ, ವಾರಕ್ಕೆ ಒಂದಕ್ಕಿಂತ ಹೆಚ್ಚು ಬಾರಿ ಹೋಗುತ್ತಿದ್ದವರಲ್ಲಿ ಸಾವಿನ ಪ್ರಮಾಣ ಎಂದೂ ಹೋಗದವರಿಗಿಂತ ಶೇ 33ರಷ್ಟು ಕಡಿಮೆಯಿತ್ತು. ಜನರ ಆಸರೆ, ಕಡಿಮೆ ಧೂಮಪಾನ, ಕಡಿಮೆ ಖಿನ್ನತೆ ಇದಕ್ಕೆ ಭಾಗಶಃ ಕಾರಣ. ಅದರಲ್ಲಿ ಜನರ ಆಸರೆ ಮತ್ತು ಕಡಿಮೆ ಧೂಮಪಾನದ ಪಾಲು ಹೆಚ್ಚುಕಡಿಮೆ ಸಮ.

ಹೋಲಿಕೆಯಲ್ಲಿ ತಪ್ಪಾಗುವುದೂ ಉಂಟು. ನಡೆಯಲಾಗದವರು, ಕಾಯಿಲೆ ಬಿದ್ದವರು ಮನೆಯಲ್ಲೇ ಉಳಿಯುತ್ತಾರೆ, ಗಟ್ಟಿಮುಟ್ಟಾಗಿರುವವರು ಹೋಗುತ್ತಾರೆ. ಮೊದಲಿನ ಆರೋಗ್ಯಸ್ಥಿತಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ಆ ಅಂತರವೆಲ್ಲ ಭಕ್ತಿಯ ಫಲವಾಗಿ ಕಾಣುತ್ತದೆ. ಇಂಥ ಸುದ್ದಿ ನಂಬಿ ಯಾರೂ ರಕ್ತದೊತ್ತಡದ ಮಾತ್ರೆ ಬಿಡಬಾರದು.

ಪ್ರಾರ್ಥನಾ ಸ್ಥಳಗಳ ಆಡಳಿತದವರು ಮೆಟ್ಟಿಲ ಪಕ್ಕ ಇಳಿಜಾರು ದಾರಿ, ಹಿಡಿಕಂಬಿ, ಬೆನ್ನು ಒರಗುವ ಕುರ್ಚಿಗಳನ್ನು ಒದಗಿಸಲಿ. ಸತತ ಎರಡು ವಾರ ಕಾಣದ ಹಿರಿಯರ ಮನೆಗೆ ಯಾರಾದರೊಬ್ಬರು ಹೋಗಿ ವಿಚಾರಿಸುವ ಏರ್ಪಾಡೂ ಆಗಲಿ.

— ಓದುಗ