ಮೊದಲ ಪಂಪ್ ಹೌಸ್ ಚಾಲೂ ಆಯಿತು, ಇವರಿಗೆಲ್ಲ ನಾನು ಋಣಿ

ನಾನು ವಿನ್ಯಾಸದಲ್ಲಿ ಕೈಜೋಡಿಸಿದ ಮೊದಲ ಪಂಪ್ ಹೌಸ್ ಕಳೆದ ವಾರ ಚಾಲೂ ಆಯಿತು. ಉಡುಪಿ ಕಡೆಯ ಊರು, ಗುಡ್ಡದ ಮೇಲೊಂದು ಟ್ಯಾಂಕ್, ಕೆಳಗೆ ಎರಡು ಪಂಪು. ಪತ್ರಿಕೆಯಲ್ಲಿ ಬರುವಂಥ ಸುದ್ದಿಯೇನಲ್ಲ. ಆದರೂ ಕೆಲವರಿಗೆ ಎಲ್ಲರೆದುರು ಧನ್ಯವಾದ ಹೇಳದಿದ್ದರೆ ನನಗೆ ಸಮಾಧಾನವಿಲ್ಲ.

ಇಲೆಕ್ಟ್ರಿಕಲ್ ಓದಿದವಳು ನೀರಿನ ಕೆಲಸಕ್ಕೆ ಸೇರಿದೆ ಎಂದಾಗ ನೆಂಟರೊಬ್ಬರು "ಪ್ಲಂಬಿಂಗಾ?" ಎಂದು ಕೇಳಿದ್ದರು. ಅವರನ್ನು ದೂರಲಾರೆ. ತುಂಬೆ ಅಣೆಕಟ್ಟಿನಿಂದ ಮಂಗಳೂರಿಗೆ ನೇತ್ರಾವತಿಯನ್ನು, ಬಜೆ ಅಣೆಕಟ್ಟಿನಿಂದ ಉಡುಪಿಗೆ ಸ್ವರ್ಣೆಯನ್ನು ತಳ್ಳುವ ಮೋಟಾರು ನಲ್ಲಿಯ ಹತ್ತಿರ ನಿಂತವರಿಗೆ ಕಾಣುವುದಿಲ್ಲವಲ್ಲ. 2019ರ ಬೇಸಗೆಯಲ್ಲಿ ತುಂಬೆಯ ನೀರು ಇಳಿದು ನಗರಕ್ಕೆ ಸರದಿಯ ಮೇಲೆ ನೀರು ಬಿಡುತ್ತಿದ್ದಾಗ, ಚಿಕ್ಕಮ್ಮನ ಮನೆಯ ಕೊಡಗಳ ನಡುವೆ ಕುಳಿತು ಓದಿದವಳು ನಾನು. ಆಗ ಬಕೆಟ್ ಎತ್ತಲು ನನ್ನನ್ನು ಕರೆಯದ ಚಿಕ್ಕಮ್ಮನಿಗೆ ಮೊದಲ ನಮಸ್ಕಾರ.

ಕಚೇರಿಯ ಹಿರಿಯ ಸಹೋದ್ಯೋಗಿಯೊಬ್ಬರು ಸಾಫ್ಟ್‌ವೇರ್ ತೆರೆಯಲು ಬಿಡದೆ ಕೈಯಲ್ಲಿ ಲೆಕ್ಕ ಮಾಡಿಸಿದರು. ಸೆಕೆಂಡಿಗೆ 100 ಲೀಟರ್ ನೀರನ್ನು, ಪೈಪಿನ ಘರ್ಷಣೆಯೂ ಸೇರಿ, 60 ಮೀಟರ್ ಎತ್ತಬೇಕಾದರೆ ನೀರಿಗೇ ಸುಮಾರು 59 ಕಿಲೋವ್ಯಾಟ್ ಬೇಕು. ಪಂಪಿನ ದಕ್ಷತೆ ಶೇ 75 ಎಂದು ಹಿಡಿದರೆ ಮೋಟಾರು ಕೊಡಬೇಕಾದದ್ದು 78ರ ಮೇಲೆ. ಆದ್ದರಿಂದ 90 ಕಿಲೋವ್ಯಾಟಿನದ್ದು. ಅಲ್ಲಿಗೆ ಮುಗಿಯಿತು ಎಂದುಕೊಂಡರೆ, "ಇದನ್ನು ನೇರವಾಗಿ ಚಾಲೂ ಮಾಡಿದರೆ?" ಎಂಬ ಪ್ರಶ್ನೆ. ಆರೇಳು ಪಟ್ಟು ಕರೆಂಟು ಎಳೆಯುತ್ತದೆ. ಆ ಕೆಲವು ಸೆಕೆಂಡುಗಳಿಗಾಗಿ ಜನರೇಟರೂ ದೊಡ್ಡದಾಗಬೇಕಾಗುತ್ತದೆ. ಸರಿ, ಮೋಟಾರನ್ನು ಮೆಲ್ಲಗೆ ವೇಗಕ್ಕೆ ತರುವ ಸಾಫ್ಟ್ ಸ್ಟಾರ್ಟರ್ ಹಾಕೋಣ ಎಂದೆ. "ಪಂಪು ಓಡುತ್ತಿರುವಾಗಲೇ ಕರೆಂಟು ಹೋದರೆ?" ಆಗ ಸಾಫ್ಟ್ ಸ್ಟಾರ್ಟರ್ ಏನೂ ಮಾಡಲಾರದು. ಗುಡ್ಡ ಏರುತ್ತಿದ್ದ ನೀರು ಹಿಂದಕ್ಕೆ ಬಂದು ಪೈಪಿಗೆ ಬಡಿಯುತ್ತದೆ, ಅದನ್ನು ತಾಳಲು ಬೇರೆ ವಾಲ್ವು, ಒಳಗಿನ ಗಾಳಿಯಿಂದ ಆ ಹೊಡೆತ ತಗ್ಗಿಸುವ ಏರ್ ವೆಸೆಲ್ ಬೇಕು. ಹೀಗೆ ಕೇಳಿ ಕೇಳಿಯೇ ಅವರು ನನ್ನನ್ನು ಇಂಜಿನಿಯರ್ ಮಾಡಿದರು. ಕೋಪ ಬಂದದ್ದೂ ಉಂಟು, ಅದು ಅವರಿಗೂ ಗೊತ್ತು.

ಹೆಚ್ಚಿನ ಋಣ ಮಾತ್ರ ಹಳೆಯ ಪಂಪ್ ಹೌಸಿನ ಆಪರೇಟರ್ ಅಣ್ಣನದು. ಅವರು ಪಂಪಿನ ಕರೆಂಟ್ ಪ್ಯಾನೆಲಿನ ಬಾಗಿಲು ತೆರೆದು ತೋರಿಸಿದಾಗ ಒಳಗೆ ಒಂದು ಬಲ್ಬು ಉರಿಯುತ್ತಿತ್ತು. ಬುಡದ ತಗಡು ತುಕ್ಕು ಹಿಡಿದು ಎದ್ದಿತ್ತು, ಕೇಬಲ್ ತೂತಿನಲ್ಲಿ ಇರುವೆಯ ಮಣ್ಣು. "ಮಳೆಗಾಲದಲ್ಲಿ ಇದು ಒಳಗೇ ಬೆವರುತ್ತದೆ ಮೇಡಂ, ಅದಕ್ಕೆ ಬಲ್ಬು" ಎಂದರು. ನಮ್ಮ ಹೊಸ ಪ್ಯಾನೆಲಿನ ಹೀಟರು, ಕೇಬಲ್ ತೂತುಗಳನ್ನು ಬಿಗಿಯಾಗಿ ಮುಚ್ಚುವ ಗ್ಲ್ಯಾಂಡುಗಳು, ಗೋಡೆಯಲ್ಲಿ ಅವರು ಬೆರಳಿಟ್ಟು ತೋರಿಸಿದ ನೆರೆಯ ಗುರುತಿಗಿಂತ ಎತ್ತರದ ಕಟ್ಟೆ, ಎಲ್ಲವೂ ಆ ಮಧ್ಯಾಹ್ನದವು. "ಆಟೋಮ್ಯಾಟಿಕ್ ಎಲ್ಲ ಇರಲಿ ಮಾರಾಯ್ರೇ, ನಡುರಾತ್ರಿ ಸೆನ್ಸರ್ ಕೈಕೊಟ್ಟರೆ ಕೈಯಿಂದ ನಡೆಸಲು ಒಂದು ಸ್ವಿಚ್ ಇಡಿ" ಎಂದೂ ಹೇಳಿದರು. ಇಟ್ಟಿದ್ದೇವೆ. ಬಾವಿ ಬರಿದಾದರೆ ಮಾತ್ರ ಕೈಯಿಂದ ನಡೆಸಿದರೂ ಪಂಪು ನಿಲ್ಲುತ್ತದೆ. ಅಷ್ಟು ಹಟ ನನ್ನದು.

ಅರ್ತಿಂಗ್, ಅಂದರೆ ಸೋರಿದ ಕರೆಂಟನ್ನು ನೆಲಕ್ಕಿಳಿಸುವ ವ್ಯವಸ್ಥೆ, ಮಾಡಿದ ಇಲೆಕ್ಟ್ರಿಶಿಯನ್‌ರನ್ನು ಮರೆಯಬಾರದು. ಮುರಕಲ್ಲಿನ ನೆಲ ಮಳೆಯಲ್ಲಿ ಒದ್ದೆಯಾಗಿ ಕರೆಂಟನ್ನು ಸಲೀಸಾಗಿ ಇಳಿಸಿಕೊಂಡು ಒಳ್ಳೆಯ ರೀಡಿಂಗ್ ಕೊಡುತ್ತದೆ, ಒಣಗಿದಾಗ ಅದರ ನಿಜ ಬಣ್ಣ ಗೊತ್ತಾಗುತ್ತದೆ. ಏಪ್ರಿಲಿನಲ್ಲಿ ಮತ್ತೆ ಅಳೆಯದೆ ಸಹಿ ಹಾಕಬೇಡಿ ಎಂದವರು ಅವರೇ. ಅಳೆದೆವು, ಇನ್ನಷ್ಟು ಅರ್ತ್ ಪಿಟ್ ತೋಡಿಸಬೇಕಾಯಿತು. ಗುತ್ತಿಗೆದಾರರು ಗೊಣಗಿದರು, ತೋಡಿಸಿದರು, ಅವರಿಗೂ ಧನ್ಯವಾದ.

ಆಪರೇಟರ್ ಅಣ್ಣನಿಗೆ ಒಂದು ಬಾಕಿ ಇದೆ. ಹೊಸ ಪಂಪ್ ಹೌಸಿಗೂ ಅವರೇ ಬರುತ್ತಾರಂತೆ. ಕರೆಂಟು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ತೋರಿಸುವ ಸಿಂಗಲ್ ಲೈನ್ ನಕ್ಷೆಯನ್ನು ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಕೇಳಿದ್ದಾರೆ. ಈ ಶನಿವಾರ ಲ್ಯಾಮಿನೇಟ್ ಮಾಡಿಸಿ ತರುತ್ತೇನೆ ಅಣ್ಣ.