ಒಂದು ಡಬ್ಬಿ ಚಕ್ಕುಲಿಯ ಪಂದ್ಯ

ವಿಕ್ಟೋರಿಯಾ, ಬ್ರಿಟಿಷ್ ಕೊಲಂಬಿಯಾ, ಕೆನಡಾ
27 ಸೆಪ್ಟೆಂಬರ್ 2020

ತೀರ್ಥರೂಪರಾದ ಅಪ್ಪನವರಿಗೆ ಸಾಷ್ಟಾಂಗ ನಮಸ್ಕಾರಗಳು.

ನಾವೆಲ್ಲ ಕ್ಷೇಮ. ಅಮ್ಮನ ಮಂಡಿನೋವು ನಿಜಕ್ಕೂ ಹೇಗಿದೆ ಎಂದು ನೀವೇ ಬರೆಯಿರಿ. ಫೋನಿನಲ್ಲಿ ಕೇಳಿದರೆ ಯಾವಾಗಲೂ "ಪರವಾಗಿಲ್ಲ" ಎಂಬ ಒಂದೇ ಉತ್ತರ.

ನಿಮ್ಮೊಂದಿಗೆ ಹಳೆಯ ಲೆಕ್ಕವೊಂದು ಬಾಕಿ ಇದೆ. 2017ರ ಜೂನ್‌ನಲ್ಲಿ, ನಮ್ಮ ಈ ಪ್ರಾಂತ್ಯದ ಹೊಸ ಸರ್ಕಾರದ ಸುದ್ದಿ ಕೇಳಿ, "ಒಂದು ಸ್ಥಾನದ ಬಹುಮತದಲ್ಲಿ ಸರ್ಕಾರವೇ? ವರ್ಷ ತುಂಬಿದರೆ ಒಂದು ಡಬ್ಬಿ ಚಕ್ಕುಲಿ ಕಳುಹಿಸುತ್ತೇನೆ" ಎಂದು ಪಂದ್ಯ ಕಟ್ಟಿದ್ದಿರಿ. ಆ ಸರ್ಕಾರ ಮೂರು ವರ್ಷ ಎರಡು ತಿಂಗಳು ನಡೆಯಿತು. ಅದನ್ನು ಯಾರೂ ಉರುಳಿಸಲಿಲ್ಲ. ಕಳೆದ ಸೋಮವಾರ ಮುಖ್ಯಮಂತ್ರಿ ಜಾನ್ ಹೊರ್ಗನ್ ಅವರೇ ಸಭೆಯನ್ನು ವಿಸರ್ಜನೆ ಮಾಡಿಸಿ ಅಕ್ಟೋಬರ್ 24ಕ್ಕೆ ಚುನಾವಣೆ ಕರೆದಿದ್ದಾರೆ.

ನಿಮಗೆ ಅಂಕಿಗಳಿಲ್ಲದೆ ರಾಜಕೀಯ ರುಚಿಸುವುದಿಲ್ಲ, ಆದ್ದರಿಂದ ಮೊದಲಿನಿಂದ ಹೇಳುತ್ತೇನೆ. ಒಟ್ಟು ಸ್ಥಾನ 87. 2017ರ ಮೇ ತಿಂಗಳಲ್ಲಿ ಗೆದ್ದವರು ಲಿಬರಲ್ 43, ಹೊರ್ಗನ್ ಅವರ ಎನ್‌ಡಿಪಿ (ನ್ಯೂ ಡೆಮಾಕ್ರಟಿಕ್ ಪಕ್ಷ) 41, ಪರಿಸರವಾದಿ ಗ್ರೀನ್ ಪಕ್ಷ 3. ಇಲ್ಲಿನ ಲಿಬರಲ್ ಪಕ್ಷಕ್ಕೆ ಹೆಸರು ಮಾತ್ರ ಉದಾರ, ನಡೆ ಬಲಪಂಥದ್ದು. ಹದಿನಾರು ವರ್ಷ ಆಳಿದ್ದ ಪಕ್ಷ. ಕೋರ್ಟ್ನಿ–ಕೋಮಾಕ್ಸ್ ಎಂಬ ಕ್ಷೇತ್ರದಲ್ಲಿ ಮೊದಲ ರಾತ್ರಿ ಎನ್‌ಡಿಪಿ ಮುಂದಿದ್ದದ್ದು ಬರೀ 9 ಮತಗಳಿಂದ! ಅದೊಂದು ಅತ್ತ ಸರಿದಿದ್ದರೆ ಲಿಬರಲ್ ಪಕ್ಷಕ್ಕೆ 44 ಆಗಿ ಬಹುಮತ ಸಿಕ್ಕಿ ಕಥೆಯೇ ಬೇರೆಯಾಗುತ್ತಿತ್ತು. ಅಂತಿಮ ಎಣಿಕೆಯಲ್ಲಿ ಅಂತರ 189ಕ್ಕೆ ಬೆಳೆಯಿತು.

ಎನ್‌ಡಿಪಿ ಮತ್ತು ಗ್ರೀನ್ ಲಿಖಿತ ಒಪ್ಪಂದ ಮಾಡಿಕೊಂಡು 44 ಆದರು. ಆದರೂ ಆಗಿನ ಲಿಬರಲ್ ಮುಖ್ಯಮಂತ್ರಿ ಕ್ರಿಸ್ಟಿ ಕ್ಲಾರ್ಕ್ ಕುರ್ಚಿ ಬಿಡದೆ ಸದನಕ್ಕೆ ಬಂದರು. ಜೂನ್ 29ರಂದು ವಿಶ್ವಾಸಮತದಲ್ಲಿ 44–42ರಿಂದ ಸೋತರು. ನಾವು ಕಚೇರಿಯ ಚಹಾ ಕೋಣೆಯಲ್ಲಿ ಗುಂಪುಗೂಡಿ ಟಿವಿ ನೋಡುತ್ತಿದ್ದೆವು. ಮತ್ತೆ ಚುನಾವಣೆ ಬೇಕೆಂದು ಕ್ಲಾರ್ಕ್ ಕೇಳಿದರೂ ಲೆಫ್ಟಿನೆಂಟ್ ಗವರ್ನರ್ (ನಮ್ಮ ರಾಜ್ಯಪಾಲರಿದ್ದಂತೆ) ಜೂಡಿತ್ ಗಿಶಾನ್ ಒಪ್ಪದೆ ಹೊರ್ಗನ್ ಅವರನ್ನು ಕರೆದರು. ರೆಸಾರ್ಟ್ ಇಲ್ಲ, ಬಸ್ಸು ಇಲ್ಲ, ನಡುರಾತ್ರಿ ಕೋರ್ಟ್ ಇಲ್ಲ. ಮರುವರ್ಷ ಬೆಂಗಳೂರಿನಲ್ಲಿ ಬಿಜೆಪಿ 104, ಕಾಂಗ್ರೆಸ್ 78, ಜೆಡಿಎಸ್ 37 ಎಂಬ ಅಂಕಿಗಳೊಂದಿಗೆ ನಡೆದದ್ದು ನಿಮಗೆ ಬಾಯಿಪಾಠವಿದೆ, ನಾನು ಹೇಳಬೇಕಾಗಿಲ್ಲ.

ನನಗೆ ತುಂಬ ಹಿಡಿಸಿದ್ದು ಸ್ಪೀಕರ್ ಕುರ್ಚಿಯ ಕಥೆ. ತಮ್ಮವರನ್ನೇ ಅಲ್ಲಿ ಕೂರಿಸಿದರೆ ಹೊರ್ಗನ್ ಅವರ ಬಲ 43ಕ್ಕೆ ಇಳಿದು ಎರಡೂ ಕಡೆ ಸಮಸಮ. ಪ್ರತಿ ಮಸೂದೆಗೂ ಸ್ಪೀಕರ್ ಮತ ಬೇಕು. ಲಿಬರಲ್ ಪಕ್ಷದ ಸ್ಟೀವ್ ಥಾಮ್ಸನ್ ಒಂದು ವಾರ ಆ ಸ್ಥಾನದಲ್ಲಿದ್ದು, ತಮ್ಮ ಸರ್ಕಾರ ಬಿದ್ದ ದಿನವೇ ಎದ್ದು ಹೋಗಿದ್ದರು. ಇನ್ನೇನು ಪೇಚಾಟ ಎನ್ನುವಷ್ಟರಲ್ಲಿ, ಸೆಪ್ಟೆಂಬರ್ 8ರಂದು ಅದೇ ಲಿಬರಲ್ ಪಕ್ಷದ ಡ್ಯಾರಿಲ್ ಪ್ಲೇಕಸ್ ಹೋಗಿ ಕುಳಿತುಬಿಟ್ಟರು. ಅಪರಾಧಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು. ಪಕ್ಷ ಅವರನ್ನು ಉಚ್ಚಾಟಿಸಿತು. ಇಲ್ಲಿ ಅಷ್ಟೇ. ಪಕ್ಷಾಂತರ ನಿಷೇಧ ಕಾಯ್ದೆ ಇಲ್ಲ, ಆದ್ದರಿಂದ ಶಾಸಕತ್ವಕ್ಕೇನೂ ಧಕ್ಕೆಯಾಗಲಿಲ್ಲ. ನಮ್ಮ ಸ್ಪೀಕರ್ ರಮೇಶ್ ಕುಮಾರ್ ಅವರು ಹದಿನೇಳು ಶಾಸಕರನ್ನು ಅನರ್ಹಗೊಳಿಸಿದಾಗ ನನಗೆ ನೆನಪಾದದ್ದು ಇದೇ ಪ್ಲೇಕಸ್. ನಮ್ಮಲ್ಲಿ ಕಾನೂನಿತ್ತು, ಸರ್ಕಾರ ಉಳಿಯಲಿಲ್ಲ. ಇಲ್ಲಿ ಕಾನೂನಿಲ್ಲ, ಉಳಿಯಿತು. ನೀವು ಇದಕ್ಕೆ ಏನಾದರೂ ಹೇಳಿಯೇ ಹೇಳುತ್ತೀರಿ.

ವಿರೋಧ ಪಕ್ಷದಲ್ಲಿ ನಾಯಕರು ಬದಲಾದರು: ಕ್ಲಾರ್ಕ್ ರಾಜಕೀಯವನ್ನೇ ಬಿಟ್ಟರು, ರಿಚ್ ಕೋಲ್ಮನ್ ಹಂಗಾಮಿಯಾಗಿದ್ದರು, 2018ರ ಫೆಬ್ರುವರಿಯಲ್ಲಿ ಆ್ಯಂಡ್ರೂ ವಿಲ್ಕಿನ್ಸನ್ ಬಂದರು. ಎದೆ ಡವಗುಟ್ಟಿದ್ದು 2019ರ ಜನವರಿಯಲ್ಲಿ. ನನೈಮೊ ಊರಿನ ಎನ್‌ಡಿಪಿ ಶಾಸಕರು ಅಲ್ಲಿಗೇ ಮೇಯರ್ ಆಗಿ ಹೋದರು. ಉಪಚುನಾವಣೆ ಸೋತಿದ್ದರೆ 43–43. ಶೀಲಾ ಮಾಲ್ಕಮ್ಸನ್ ಗೆದ್ದು ಸರ್ಕಾರವನ್ನು ಉಳಿಸಿದರು. ಉಪಸ್ಪೀಕರ್ ರಾಜ್ ಚೌಹಾಣ್, ಕಾರ್ಮಿಕ ಸಚಿವ ಹ್ಯಾರಿ ಬೇನ್ಸ್, ಇಬ್ಬರೂ ಪಂಜಾಬಿನಿಂದ ಬಂದವರು. ಕನ್ನಡಿಗರೊಬ್ಬರೂ ಇಲ್ಲವೇ ಎಂದು ಅಮ್ಮ ಕೇಳಿದ್ದು ನೆನಪಿದೆ. ಇಲ್ಲ ಅಮ್ಮ.

ಬಂದರಿನ ಎದುರಿಗಿರುವ ವಿಧಾನಸಭೆಯ ಕಲ್ಲಿನ ಕಟ್ಟಡ 1898ರಲ್ಲಿ ಉದ್ಘಾಟನೆಯಾದದ್ದು. ಸಂಜೆಯಾದರೆ ಗೋಪುರ, ಕಿಟಕಿ, ಸೂರಿನ ಅಂಚುಗಳ ಉದ್ದಕ್ಕೂ ಸಣ್ಣ ಸಣ್ಣ ಬಲ್ಬುಗಳು ಹತ್ತಿಕೊಳ್ಳುತ್ತವೆ, ಥೇಟ್ ದಸರಾದ ಮೈಸೂರು ಅರಮನೆ. ನಿನ್ನೆ ಸಂಜೆ ಅತ್ತ ನಡೆದುಹೋದೆ. ಹುಲ್ಲುಹಾಸಿನ ಮೇಲೆ ಮಾಸ್ಕ್ ಹಾಕಿಕೊಂಡ ಅಜ್ಜಿಯೊಬ್ಬರು, ನಾನು ಏನೂ ಕೇಳದಿದ್ದರೂ, "ಸೋಂಕಿನ ಕಾಲದಲ್ಲಿ ಈ ಚುನಾವಣೆ ಯಾರಿಗೆ ಬೇಕಾಗಿತ್ತು?" ಎಂದು ಗೊಣಗಿದರು.

ನನಗೂ ಬೇಸರವಿರುವುದು ಅಲ್ಲೇ. ನಿಗದಿಯಾಗಿದ್ದ ಚುನಾವಣೆ ಮುಂದಿನ ವರ್ಷದ ಅಕ್ಟೋಬರ್‌ಗೆ. ಅಲ್ಲಿಯವರೆಗೆ ಕೈಬಿಡುವುದಿಲ್ಲ ಎಂದು ಸಹಿ ಹಾಕಿ ಮೂರು ವರ್ಷ ಹೆಗಲು ಕೊಟ್ಟವರು ಗ್ರೀನ್ ಶಾಸಕರು. ಅವರ ನಾಯಕ ಆ್ಯಂಡ್ರೂ ವೀವರ್ ಈ ಜನವರಿಯಲ್ಲಿ ಪಕ್ಷೇತರರಾದರೂ, ಉಳಿದಿಬ್ಬರು ಕದಲಲಿಲ್ಲ. ಸೋನಿಯಾ ಫರ್ಸ್ಟನೌ ಹೊಸ ನಾಯಕಿಯಾಗಿ ಆಯ್ಕೆಯಾದದ್ದು ಸೆಪ್ಟೆಂಬರ್ 14ಕ್ಕೆ. ಸರಿಯಾಗಿ ಒಂದು ವಾರಕ್ಕೆ ಸಭೆ ವಿಸರ್ಜನೆ. ಸಮೀಕ್ಷೆ ತಮ್ಮ ಪರವಾಗಿದೆ ಎಂದು ಹೊರ್ಗನ್ ಅವರಿಗೆ ಕಂಡೊಡನೆ ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎಂದಂತಾಯಿತು. ನನಗೆ ಇಲ್ಲಿ ಮತವಿಲ್ಲ, ಪೌರತ್ವ ಇನ್ನೂ ಬಂದಿಲ್ಲ. ಇದ್ದಿದ್ದರೆ ಈ ಸಲ ಗ್ರೀನ್‌ಗೇ ಹಾಕುತ್ತಿದ್ದೆ.

ಈ ಕಾಗದ ನಿಮ್ಮ ಕೈ ಸೇರುವಷ್ಟರಲ್ಲಿ ಫಲಿತಾಂಶವೂ ಬಂದಿರಬಹುದು. ಅವಧಿ ಪೂರ್ತಿಯಾಗಲಿಲ್ಲವಲ್ಲ ಎಂದು ತಕರಾರು ತೆಗೆಯಬೇಡಿ. ನಾವು ಮಾತನಾಡಿದ್ದು ಒಂದು ವರ್ಷಕ್ಕೆ. ಬೆಣ್ಣೆ ಚಕ್ಕುಲಿಯೇ ಆಗಲಿ, ಎಳ್ಳು ಸ್ವಲ್ಪ ಹೆಚ್ಚಿಗೆ. ಅಮ್ಮನ ಕೈಯಲ್ಲಿ ಒತ್ತಿಸಬೇಡಿ. ಪಂದ್ಯ ಸೋತವರು ನೀವು, ಒರಳು ನೀವೇ ಹಿಡಿಯಿರಿ.

ಇಂತಿ ನಿಮ್ಮ ಪ್ರೀತಿಯ ಮಗಳು